ಹನ್ನೊಂದು ಗಂಟೆಯ ಟ್ಯಾಕ್ಸಿ

ಮನೆಯಿಂದ, ಅಡುಗೆಮನೆಯ ಮೇಜು
ಗುರುವಾರ, ಮಧ್ಯಾಹ್ನ ಮೂರೂವರೆ

ಪ್ರೀತಿಯ ಅಕ್ಕಾ,

ಆದರೆ ನೀರು ಒಡೆಯುವುದು ಬೇರೆ, ನೋವು ಶುರುವಾಗುವುದು ಬೇರೆ. ನಿನ್ನೆ ಫೋನಿನಲ್ಲಿ ನಾನು ಹೇಳಹೊರಟದ್ದು ಇಷ್ಟೇ. ನೀನು ಬಿಟ್ಟರೆ ತಾನೆ? “ಲೋ ಬಡಬಡಿ, ನೀರು ಒಡೆದಿರೋ ಹುಡುಗೀನ ಮನೇಲಿ ಕೂರಿಸ್ಕೊಂಡು ನನ್ ಹತ್ರ ಪುರಾಣ ಹೇಳ್ತಿದೀಯಲ್ಲೋ” ಎಂದು ಒಂದೇ ಉಸಿರಿಗೆ ಬೈದು ಫೋನು ಇಟ್ಟುಬಿಟ್ಟೆ. ಅದಕ್ಕೇ ಇವತ್ತು ಕಾಗದ. ಕಾಗದದಲ್ಲಿ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ ನೋಡು. ಮೊದಲು ನಿನ್ನ ಕಾಲಿನ ಸಮಾಚಾರ ಹೇಳು. ಪ್ಲಾಸ್ಟರ್ ಒಳಗೆ ತುರಿಸುತ್ತದೆ ಅಂದಿದ್ದೆ, ಹೆಣಿಗೆ ಕಡ್ಡಿ ಗಿಡ್ಡಿ ತೂರಿಸಬೇಡ ಮಾರಾಯ್ತಿ. ದಿಂಬಿನ ಮೇಲೆ ಕಾಲಿಟ್ಟು ಸುಮ್ಮನೆ ಕೂತಿರು. ಎಪ್ಪತ್ತೆರಡಕ್ಕೆ ಸ್ಟೂಲು ಹತ್ತಿ ಪರದೆ ಬಿಚ್ಚುವ ಕೆಲಸ ಯಾರು ಹೇಳಿದ್ದರು ನಿನಗೆ? ಕಾಲು ನೆಟ್ಟಗಿದ್ದಿದ್ದರೆ ಇಷ್ಟು ಹೊತ್ತಿಗೆ ನೀನೇ ಇಲ್ಲಿರುತ್ತಿದ್ದೆ, ನನ್ನನ್ನು ಬೀದಿಗೆ ಅಟ್ಟಿರುತ್ತಿದ್ದೆ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಎಂದು ಬರೆದರೆ ಮುನಿಸಿಕೊಳ್ಳಬೇಡ.

ನಿನ್ನೆ ಸಂಜೆ ಐದು ಗಂಟೆ. ಮಗಳು ಅಡುಗೆಮನೆಯಲ್ಲಿ ನಿಂತು ಗಂಡನಿಗೆ ಈರುಳ್ಳಿ ಹೆಚ್ಚುವುದು ಹೇಗೆ ಎಂದು ಪಾಠ ಹೇಳುತ್ತಿದ್ದಳು. ನಾನು ಪೇಪರು ಹಿಡಿದು ಬಾಗಿಲಲ್ಲಿ ಕೂತಿದ್ದೆ. ನೆಲದ ಮೇಲೆ ನೀರು ಹರಿದು ಬಂತು. ನನಗೆ ಹೊಳೆದದ್ದು ಒಂದೇ, ಫ್ರಿಜ್ಜು ಮತ್ತೆ ಸೋರುತ್ತಿದೆ. ಒರೆಸುವ ಬಟ್ಟೆ ತಂದು, ಮಂಡಿಯೂರಿ, ಫ್ರಿಜ್ಜಿನ ಕೆಳಗೆ ಕೈ ಹಾಕಿ ತಡಕಾಡುತ್ತಾ ಇದ್ದೇನೆ, ಮೇಲಿನಿಂದ ಮಗಳು “ಅಪ್ಪಾ, ಅದು ಫ್ರಿಜ್ಜಲ್ಲ, ನಾನು” ಅಂದಳು. ಅಳಿಯ ಕೈಯಲ್ಲಿದ್ದ ಚಾಕುವನ್ನು ಎಲ್ಲಿಡಬೇಕೆಂದು ತೋಚದೆ ಜೇಬಿಗೆ ಇಳಿಸಲು ನೋಡಿದ. ಅವನು ಹಲ್ಲಿನ ಸೆಟ್ಟು ಕಟ್ಟುವವನು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯೂ ಆಗದ ಕೈ ಅದು. ನನ್ನ ಬಾಯಲ್ಲಿರುವ ಸೆಟ್ಟೂ ಅವನು ಮಾಡಿದ್ದೇ. ಆದ್ದರಿಂದಲೇ ಅವನ ಮೇಲೆ ಹಲ್ಲು ಕಡಿಯುವ ಹಾಗಿಲ್ಲ ನಾನು.

ಅರ್ಧ ಗಂಟೆಯಲ್ಲಿ ಸಿಸ್ಟರ್ ಬಂದಳು. ನೀನು ಸೂಲಗಿತ್ತಿ ಎಂದು ಮೂಗು ಮುರಿಯುವುದು ಇವಳಿಗೇ. ಆದರೆ ಓದಿ ಸರ್ಟಿಫಿಕೇಟು ತೆಗೆದುಕೊಂಡವಳು, ಹನ್ನೆರಡು ವರ್ಷ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದುಡಿದವಳು. ಜ್ವರ ನೋಡಿದಳು, ನೀರಿನ ಬಣ್ಣ ನೋಡಿದಳು, ಹೊಟ್ಟೆಯ ಮೇಲೆ ಯಂತ್ರ ಇಟ್ಟು ಮಗುವಿನ ಎದೆಬಡಿತ ನನಗೂ ಕೇಳಿಸಿದಳು. ಕೆಳಗಿನ ಮನೆಯ ಟೈಲರಮ್ಮನ ಮಿಷನ್ನು ಓಡಿದ ಹಾಗೇ ಇತ್ತು ಅಕ್ಕಾ, ಅವಸರದ ಆರ್ಡರು ಬಂದ ದಿನ ಓಡುತ್ತದಲ್ಲ, ಹಾಗೆ. ಆಮೇಲೆ ನಮ್ಮ ಮೂವರನ್ನೂ ಸಾಲಾಗಿ ಕೂರಿಸಿ ಒಂದು ಮಾತು ಹೇಳಿದಳು: “ನೀರು ತಿಳಿಯಾಗಿದೆ, ಎಲ್ಲಾ ಸರಿಯಾಗಿದೆ. ಹದಿನೆಂಟು ಗಂಟೆ ಕಾಯ್ತೀನಿ. ನಾಳೆ ಹನ್ನೊಂದರೊಳಗೆ ನೋವು ಬರ್ಬೇಕು. ಬರ್ಲಿಲ್ಲ ಅಂದ್ರೆ, ಇಲ್ಲಾ ಜ್ವರ ಗಿರ ಬಂದ್ರೆ, ಆಸ್ಪತ್ರೆ. ಆವಾಗ ಯಾರೂ ನನ್ ಹತ್ರ ವಾದಕ್ಕೆ ಬರಕೂಡದು.” ನಾವು ಮೂವರೂ ಶಾಲೆಯ ಮಕ್ಕಳ ಹಾಗೆ ತಲೆಯಾಡಿಸಿದೆವು.

ಮನೆಯಲ್ಲೇ ಹೆರಬೇಕೆಂಬ ಈ ಹಟ ಮಗಳಿಗೆ ಯಾಕೆ ಎಂದು ನೀನು ಹತ್ತು ಸಲ ಕೇಳಿದ್ದೀಯ. ನಾನು ಹತ್ತು ಸಲವೂ ಮಾತು ಹಾರಿಸಿದ್ದೇನೆ. ಈಗ ಬರೆದುಬಿಡುತ್ತೇನೆ. ನನ್ನವಳು ಕೊನೆಯ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಾಗ ದಿನಾ ಒಂದೇ ಮಾತು ಆಡುತ್ತಿದ್ದಳು, “ಮನೆಗೆ ಹೋಗೋಣ್ರೀ.” ನಾನು “ನಾಳೆ” ಅನ್ನುತ್ತಿದ್ದೆ. ನೀನೂ “ಇನ್ನೊಂದಿನ ಇರ್ಲಿ ಬಿಡೋ” ಅಂದಿದ್ದೆ. ಅದರಲ್ಲಿ ತಪ್ಪೇನಿಲ್ಲ, ಡಾಕ್ಟರೂ ಹಾಗೇ ಹೇಳಿದ್ದರು. ಆದರೆ ನಾಳೆ ನಾಳೆ ಎನ್ನುತ್ತಲೇ ಅವಳು ಅಲ್ಲೇ ಹೋದಳು. ಮಗಳು ಆಗ ಪಕ್ಕದಲ್ಲಿದ್ದಳು. ಬಸುರಿಯಾದ ಮೂರನೇ ತಿಂಗಳಲ್ಲಿ ನನ್ನ ಎದುರು ಕೂತು, “ಅಪ್ಪಾ, ಅಮ್ಮನ್ನ ಕಳಿಸಿದ ಬಾಗಿಲಿಂದ ನನ್ ಮಗೂನ ತರೋಕೆ ನಂಗೆ ಮನಸ್ಸಿಲ್ಲ. ನನ್ ಕಡೆ ಇರ್ತೀಯಾ?” ಎಂದು ಕೇಳಿದಳು. ಇರುತ್ತೇನೆ ಅಂದೆ. ಬೇರೆ ಇನ್ನೇನು ಹೇಳಲಿ? ಒಂದು ಸಲ ನಾಳೆ ಅಂದವನು ಎರಡನೇ ಸಲವೂ ನಾಳೆ ಅನ್ನಬೇಕೆ?

ಹೀಗಾಗಿ ಹನ್ನೊಂದು ಗಂಟೆ ಎನ್ನುವುದು ಅವಳಿಗೆಷ್ಟೋ ನನಗೂ ಅಷ್ಟೇ ಆಯಿತು. ರಾತ್ರಿ ಕಳೆಯಿತು. ಬೆಳಿಗ್ಗೆ ಏಳಕ್ಕೆ ಸಿಸ್ಟರ್ ಬಂದಾಗ ಮಗಳು ಆರಾಮವಾಗಿ ಕೂತು ಎರಡನೇ ತಟ್ಟೆ ತಿಂಡಿ ತಿನ್ನುತ್ತಿದ್ದಳು. ಜ್ವರವಿಲ್ಲ, ಎದೆಬಡಿತ ಸರಿಯಾಗಿದೆ, ನೋವಿನ ಸುಳಿವೇ ಇಲ್ಲ. ಪೇಷನ್ಸ್ ಈಸ್ ದ ಮದರ್ ಆಫ್ ಇನ್ವೆನ್ಷನ್ ಎಂದು ಧೈರ್ಯ ಹೇಳಲು ಹೋದೆ. ತಾಳ್ಮೆ ಅದರ ತಾಯಿಯೋ ಬೇರೆ ಯಾವುದರ ತಾಯಿಯೋ, ಕಾಲೇಜು ಬಿಟ್ಟು ನಲವತ್ತೆಂಟು ವರ್ಷವಾಯಿತು, ಅದೂ ಒಂದೇ ವರ್ಷ ಓದಿದ ಕಾಲೇಜು. ಅಳಿಯ ಪಾಪ ಬಾಯಿಬಿಟ್ಟು ಏನೂ ಹೇಳುವವನಲ್ಲ, ಆಸ್ಪತ್ರೆಯ ಬ್ಯಾಗು ತುಂಬಿ ಬಾಗಿಲ ಬಳಿ ಇಟ್ಟ, ಹತ್ತೂವರೆಗೆ ಬಾ ಎಂದು ಟ್ಯಾಕ್ಸಿಯವನಿಗೂ ಹೇಳಿದ. ಆ ಬ್ಯಾಗನ್ನು ನೋಡಿದಾಗೆಲ್ಲ ಮಗಳ ಮುಖ ಸಪ್ಪಗಾಗುತ್ತಿತ್ತು. ನಾನು ಅದರ ಮೇಲೆ ನನ್ನ ಶಾಲು ಹೊದಿಸಿದೆ. “ಅಪ್ಪಾ, ಈಗ ಯಾರೋ ಮುದುಕಿ ಕೂತಿರೋ ಹಾಗೆ ಕಾಣುತ್ತೆ” ಅಂದಳು. ನಿನ್ನ ನೆನಪು ಬಂತು.

ಆಗ ಸಿಸ್ಟರ್ ಕೊಟ್ಟ ಮದ್ದೇನು ಗೊತ್ತೆ? ಮೆಟ್ಟಿಲು! ಹತ್ತಿ ಇಳಿದರೆ ಮಗುವಿನ ತಲೆ ಕೆಳಗೆ ಕೂರುತ್ತದಂತೆ, ನೋವಿಗೆ ದಾರಿಯಾಗುತ್ತದಂತೆ. ಮೂವತ್ತೊಂದು ವರ್ಷ ಆಫೀಸು ಕಟ್ಟಡದಲ್ಲಿ ಲಿಫ್ಟು ನಡೆಸಿದವನಿಗೆ ಮೆಟ್ಟಿಲು ಅಂದರೆ ಎದುರು ಪಾರ್ಟಿಯವರಿದ್ದ ಹಾಗೆ. ನನ್ನ ಸರ್ವೀಸಿನಲ್ಲಿ ಮೆಟ್ಟಿಲು ಹತ್ತಿದವರು ಇಬ್ಬರೇ, ಒಬ್ಬ ಆರೋಗ್ಯದ ಹುಚ್ಚಿನವನು, ಇನ್ನೊಬ್ಬ ನನ್ನ ಜೊತೆ ಮಾತು ಬಿಟ್ಟವನು. ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ನಮ್ಮ ಕಟ್ಟಡದ ಮೆಟ್ಟಿಲ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ ನಾನು. ಮೂರನೇ ಮಹಡಿಯಿಂದ ನೆಲದವರೆಗೆ ಐವತ್ತನಾಲ್ಕು ಮೆಟ್ಟಿಲು. ಮಗಳು ಒಂದು ಕೈಯಲ್ಲಿ ಕಂಬಿ ಹಿಡಿದಳು, ಇನ್ನೊಂದರಲ್ಲಿ ನನ್ನ ಭುಜ. ಅಡ್ಡಡ್ಡ ಹತ್ತಬೇಕಂತೆ, ಏಡಿಯ ಹಾಗೆ. ಅವಳು ಏಡಿ, ನಾನು ಏಡಿಯ ಅಪ್ಪ. ಸಿಸ್ಟರ್ ಹಿಂದಿನಿಂದ “ಬೇಗ ಬೇಡ, ನಿಧಾನ, ನಿಧಾನ” ಎನ್ನುತ್ತಾ ಬರುತ್ತಿದ್ದಳು. ಎರಡನೇ ಸುತ್ತಿಗೆ ನನ್ನ ಮಂಡಿ ಕಟಕಟ ಅನ್ನತೊಡಗಿತು. ಟೈಲರಮ್ಮ ಬಾಗಿಲು ತೆರೆದು ನಮ್ಮ ಮೆರವಣಿಗೆ ನೋಡಿ, “ಹೆರಿಗೆ ಯಾರಿಗೆ, ನಿಮಗಾ?” ಎಂದು ನನ್ನನ್ನು ಕೇಳಿದಳು. ನನ್ನ ಏದುಸಿರು ಹಾಗಿತ್ತು. ನಾನು ಮಗಳ ಹೊಟ್ಟೆಯ ಕಡೆ ಬಾಗಿ, ಡ್ಯೂಟಿಯಲ್ಲಿ ಹೇಳುತ್ತಿದ್ದ ಧಾಟಿಯಲ್ಲೇ “ಗೋಯಿಂಗ್ ಡೌನ್, ಗೋಯಿಂಗ್ ಡೌನ್ ಪ್ಲೀಸ್” ಎಂದು ಒಳಗಿದ್ದವರಿಗೆ ಸೂಚನೆ ಕೊಟ್ಟೆ. ಏನೂ ಆಗಲಿಲ್ಲ.

ನಾಲ್ಕನೇ ಸುತ್ತು ಇಳಿಯುವ ಹೊತ್ತಿಗೆ ಹತ್ತು ಇಪ್ಪತ್ತು. ಹೊರಗೆ ಟ್ಯಾಕ್ಸಿ ಹತ್ತು ನಿಮಿಷ ಮೊದಲೇ ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಅಳಿಯ ಬ್ಯಾಗು ಹಿಡಿದು ಅದರ ಪಕ್ಕದಲ್ಲಿ ನಿಂತಿದ್ದ. ಕೊನೆಯ ಮೆಟ್ಟಿಲಿಗೆ ಇನ್ನೂ ನಾಲ್ಕಿದೆ ಅನ್ನುವಾಗ ಮಗಳು ಕಂಬಿಗೆ ಹಣೆ ಒತ್ತಿ ನಿಂತುಬಿಟ್ಟಳು. ಟ್ಯಾಕ್ಸಿ ನೋಡಿ ಅಳು ಬಂತೆಂದು ನಾನು ತಿಳಿದೆ. “ಅಳಬೇಡ ಕಂದಾ, ಆಸ್ಪತ್ರೆಯಾದ್ರೂ ಏನಂತೆ, ನಾನಿದೀನಿ” ಎಂದು ಶುರುಮಾಡಿದೆ. ಅವಳು ಹಣೆ ಎತ್ತದೆಯೇ, “ಅಳ್ತಾ ಇಲ್ಲ ಅಪ್ಪಾ. ಸ್ವಲ್ಪ ಬಾಯ್ಮುಚ್ಚು” ಅಂದಳು. ಜನ್ಮದಲ್ಲಿ ಅವಳು ನನಗೆ ಹಾಗೆ ಹೇಳಿದವಳಲ್ಲ. ಸಿಸ್ಟರ್ ಆಗಲೇ ಕೈಗಡಿಯಾರ ನೋಡುತ್ತಿದ್ದಳು.

ಅಳಿಯ ಟ್ಯಾಕ್ಸಿಯವನಿಗೆ ಕಾಯಲು ಹೇಳಿ ಬ್ಯಾಗಿನ ಸಮೇತ ಓಡಿ ಬಂದ. ಮೇಲೆ ಹೋಗಲು ಲಿಫ್ಟು. ನಮ್ಮ ಕಟ್ಟಡದ್ದು ಗುಂಡಿಯದು, ನಡೆಸುವವನು ಬೇಡ. ಆದರೂ ನಾನು ಒಳಗೆ ಹೆಜ್ಜೆಯಿಟ್ಟವನೇ ಅಭ್ಯಾಸಬಲದಿಂದ ಎಲ್ಲರಿಗೂ ಬೆನ್ನು ಮಾಡಿ, ಗುಂಡಿಗಳ ಮುಂದೆ ನೆಟ್ಟಗೆ ನಿಂತು, ಬಾಗಿಲು ಮುಚ್ಚಿ, “ವಿಚ್ ಫ್ಲೋರ್, ಪ್ಲೀಸ್?” ಎಂದು ಕೇಳಿ ಕಾಯುತ್ತಾ ನಿಂತುಬಿಟ್ಟೆ. ಲಿಫ್ಟು ಕದಲಲಿಲ್ಲ. ನಾನೂ ಕದಲಲಿಲ್ಲ. ಹಿಂದಿನಿಂದ ಎರಡನೇ ನೋವು ತಿನ್ನುತ್ತಿದ್ದವಳು “ಅಪ್ಪಾ! ನಮ್ಮನೆ!” ಎಂದು ಕೂಗಿದಳು, ಕೂಗಿ ನಗತೊಡಗಿದಳು. ನಗುತ್ತಾ ನರಳುತ್ತಾ, ನರಳುತ್ತಾ ನಗುತ್ತಾ ಮೂರು ಮಹಡಿ ಬಂದಳು. “ನಗ್ಲಿ ನಗ್ಲಿ, ಒಳ್ಳೇದೇ” ಅಂದಳು ಸಿಸ್ಟರ್. ನನ್ನ ಪೆದ್ದುತನಕ್ಕೆ ಯಾರಾದರೂ ಹಾಗೆ ಸರ್ಟಿಫಿಕೇಟು ಕೊಟ್ಟದ್ದು ಇದೇ ಮೊದಲು.

ಆಮೇಲೆ ಅರ್ಧ ಗಂಟೆ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ನಾಲ್ಕು ನಿಮಿಷ, ಐದು ನಿಮಿಷ, ಮತ್ತೆ ನಾಲ್ಕು. ನೋವು ಬರುತ್ತಿತ್ತು, ಹೋಗುತ್ತಿತ್ತು, ಹೋದದ್ದು ಮತ್ತೆ ಬರುತ್ತಿತ್ತು. ಹನ್ನೊಂದಕ್ಕೆ ಎಂಟು ನಿಮಿಷವಿದೆ ಅನ್ನುವಾಗ ಸಿಸ್ಟರ್ ಎದ್ದು ತೋಳು ಮಡಚಿಕೊಂಡಳು. “ಶುರುವಾಯ್ತು. ಆ ಬ್ಯಾಗು ಒಳಗೆ ತನ್ನಿ, ಅದ್ರಲ್ಲಿರೋ ಟವೆಲ್ಲು ಬೇಕು.” ಅಷ್ಟೇ! ಅಕ್ಕಾ, ಟ್ಯಾಕ್ಸಿ ವಾಪಸು ಕಳಿಸಲು ನಾನು ಲಿಫ್ಟಿಗೆ ಕಾಯಲಿಲ್ಲ. ಐವತ್ತನಾಲ್ಕು ಮೆಟ್ಟಿಲನ್ನೂ ಇಳಿದುಕೊಂಡೇ ಹೋದೆ, ಅರವತ್ತೆಂಟರ ಈ ಕಾಲಲ್ಲಿ, ನಡುವೆ ಎಲ್ಲೋ ಎರಡೆರಡು ದಾಟಿದೆನೋ ಏನೋ. ಟ್ಯಾಕ್ಸಿಯವನು ರೇಗಿಕೊಂಡಿದ್ದ. “ಏನ್ ಸಾರ್, ಹೊರಡೋದು ಯಾವಾಗ?” ಅಂದ. “ಹೊರಡೋರು ಯಾರೂ ಇಲ್ಲಪ್ಪಾ, ಬರೋರಿದ್ದಾರೆ” ಅಂದೆ. ಅವನು ಬೀದಿಯ ಆ ತುದಿಯವರೆಗೆ ನೋಡಿದ. ಮೇಲೆ ಕೈ ತೋರಿಸಿದೆ. ನಮ್ಮ ಕಿಟಕಿಯಿಂದ ಆ ಗಳಿಗೆಗೆ ಸರಿಯಾಗಿ ಒಂದು ಕೂಗು ಬಂತು. ಅವನ ಮುಖ ಅರಳಿಹೋಯಿತು. ಕೆಳಗಿಳಿದು ನನ್ನ ಎರಡೂ ಕೈ ಹಿಡಿದು ಕುಲುಕಿದ, ನಾನೇ ಹೆರುತ್ತಿದ್ದೇನೆ ಅನ್ನುವ ಹಾಗೆ. ಆಮೇಲೆ ಬೀದಿ ತುದಿಯವರೆಗೂ ಹಾರ್ನ್ ಹೊಡೆದುಕೊಂಡೇ ಹೋದ. ಖಾಲಿ ಟ್ಯಾಕ್ಸಿ ತಿರುಗಿ ಹೋಗುವುದನ್ನು ನೋಡಿ ಯಾರಾದರೂ ಅಷ್ಟು ಖುಷಿಪಟ್ಟದ್ದುಂಟೆ? ನಾನು ಬೀದಿಯ ಮಧ್ಯೆ ನಿಂತು ನೋಡಿದೆ.

ಈಗ ಒಳಗೆ ಕೋಣೆಯಲ್ಲಿ ಅವರು ಮೂವರು, ಹೊರಗೆ ನಾನೊಬ್ಬ. ಬಿಸಿನೀರಿನ ಚೀಲ ತುಂಬಿಸಿ ಬಾಗಿಲಲ್ಲಿ ಕೊಡುವುದು, ತಣ್ಣಗಾದದ್ದನ್ನು ಇಸಿದುಕೊಳ್ಳುವುದು, ಇದು ನನ್ನ ಡ್ಯೂಟಿ. ಈ ಕಾಗದದ ನಡುವೆ ಏಳು ಸಲ ಎದ್ದು ಬಂದಿದ್ದೇನೆ, ವಾಕ್ಯ ಎಲ್ಲಾದರೂ ಕುಂಟಿದರೆ ಅದೇ ಕಾರಣ. ಅಳಿಯ ಬೆನ್ನು ನೀವುತ್ತಿದ್ದಾನೆ. “ಇನ್ನೂ ಕೆಳಗೆ, ಅಲ್ಲಲ್ಲ, ಅಯ್ಯೋ ನೀನು ಹಲ್ಲೇ ಕಟ್ಟು ಹೋಗು” ಎಂದು ಬೈಸಿಕೊಳ್ಳುತ್ತಲೂ ಇದ್ದಾನೆ. ಮಗಳ ದನಿ ಈಗ ಕೂಗಲ್ಲ, ಎಲ್ಲೋ ಆಳದಿಂದ ಭಾರ ಎತ್ತುವವರ ದನಿ. ಮಗು ಹುಟ್ಟುವುದಕ್ಕೆ ಇಂಗ್ಲಿಷಿನಲ್ಲಿ ವಾಸ್ ಬಾರ್ನ್ ಅನ್ನಬೇಕು, ಅದು ಪ್ಯಾಸಿವ್ ವಾಯ್ಸು ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಈ ಬಾಗಿಲ ಹೊರಗೆ ಐದು ನಿಮಿಷ ಕೂತಿದ್ದರೆ ಅವರು ಆ ಪಾಠವನ್ನೇ ಬಿಟ್ಟುಬಿಡುತ್ತಿದ್ದರು.

ಆಗಲೇ ಸಿಸ್ಟರ್ ನೀರು ಕುಡಿಯಲು ಬಂದವಳು “ಅಜ್ಜಾ, ಅರ್ಧಕ್ಕಿಂತ ಜಾಸ್ತಿ ದಾರಿ ಆಯ್ತು” ಎಂದು ಹೇಳಿ ಹೋದಳು. ಬೆಳಿಗ್ಗೆಯವರೆಗೆ ಸಾರ್ ಅನ್ನುತ್ತಿದ್ದಳು. ಅಜ್ಜನಂತೆ! ಮಗು ಇನ್ನೂ ಬರುವುದರಲ್ಲಿದೆ, ನನಗೆ ಪ್ರಮೋಷನ್ ಮೊದಲೇ ಬಂತು. ನೀನು ಬೆಟ್ಟು ಕಟ್ಟಿದ್ದೆಯಲ್ಲ, ಗುರುವಾರ ಮಧ್ಯಾಹ್ನದೊಳಗೆ ಆಸ್ಪತ್ರೆಯಲ್ಲಿರ್ತೀರಿ ನೋಡ್ತಿರು ಅಂತ. ನೋಡಿದೆ. ಮಧ್ಯಾಹ್ನ ಕಳೆಯಿತು. ನಾವು ಮನೆಯಲ್ಲೇ ಇದ್ದೇವೆ.

ಇನ್ನೂ ಏನೇನೋ ಇತ್ತು ಬರೆಯಲು, ಗೆರೆ ಒಂದರ ಮೇಲೊಂದು ಹತ್ತುತ್ತಿದೆ, ಕನ್ನಡಕ ಒರೆಸಿದರೂ ಅಷ್ಟೇ. ತಲೆ ಎತ್ತಿ ನೋಡಿದರೆ ಕಿಟಕಿಯಲ್ಲಿ ಬೆಳಕು ಇಳಿಯುತ್ತಿದೆ. ಇಲ್ಲಿ ದೀಪ ಹಾಕಿದರೆ ಬಾಗಿಲ ಸಂದಿಯಿಂದ ಅವಳ ಕಣ್ಣಿಗೆ ಹೊಡೆಯುತ್ತದಂತೆ, ಹಾಕಬೇಡ ಅಂದಿದ್ದಾಳೆ. ನಿಲ್ಲಿಸುತ್ತೇನೆ. ಕಾಲು ಜೋಪಾನ. ನನ್ನ ನಮಸ್ಕಾರ ನಿನಗೆ. ಒಳಗಿರುವವಳಿಗೂ ಬರುವವರಿಗೂ ನಿನ್ನ ಆಶೀರ್ವಾದ ಇರಲಿ, ಬಾಯಲ್ಲಿ ಬೈಗುಳವಿದ್ದರೂ ಪರವಾಗಿಲ್ಲ.

ನಿನ್ನ ತಮ್ಮ,
ಬಡಬಡಿ

ಮರೆತ ಮಾತು: ಹೆಣ್ಣು ಮಗು. ಆರು ಐವತ್ತಕ್ಕೆ. ತಾಯಿ, ಮಗು ಇಬ್ಬರೂ ಕ್ಷೇಮ. ಮೂರು ಕೇಜಿಗೆ ಸ್ವಲ್ಪ ಮೇಲೆ, ದನಿ ನಿನ್ನದೇ. ಇದೆಲ್ಲ ಅಳಿಯ ಫೋನಿನಲ್ಲಿ ನಿನಗೆ ಆಗಲೇ ಹೇಳಿರುತ್ತಾನೆ. ಅವನು ಹೇಳಿರದ್ದು ಇದು: ಸಿಸ್ಟರ್ ಒಂದು ಫಾರಂ ತೆಗೆದು, ಅವಳ ಕೈ ಇನ್ನೂ ಒದ್ದೆ, ನನ್ನ ಮುಂದಿಟ್ಟು “ನೀವೇ ಬರೀರಿ ಅಜ್ಜಾ” ಅಂದಳು. ‘ಜನನವಾದ ಸ್ಥಳ’ ಎಂದು ಒಂದು ಗೆರೆ ಇತ್ತು. ಅಲ್ಲಿ ನಮ್ಮ ಮನೆಯ ವಿಳಾಸ ಬರೆದೆ ಅಕ್ಕಾ, ಬಾಗಿಲ ನಂಬರಿನ ಸಮೇತ. ಅಕ್ಷರ ಸೊಟ್ಟಗಾಯಿತು. ಬೇರೆ ಫಾರಂ ಕೊಡಿ ಅಂದೆ. ಅವಳು ಕೊಡಲಿಲ್ಲ. “ಚೆನ್ನಾಗಿ ಓದಕ್ಕೆ ಬರುತ್ತೆ ಬಿಡಿ” ಅಂದಳು.