ಚಹಾ ಮನೆಯ ಬಾಗಿಲು

ಅಪ್ಪಾ,

ಇದು ನಿನಗೆ ತಲುಪುವುದಿಲ್ಲ, ಗೊತ್ತು. ಆದರೂ ಸುದ್ದಿ ಹೇಳಬೇಕು: ಅಮ್ಮನೂ ನಾನೂ ರಜೆಗೆ ಜಪಾನಿಗೆ ಹೊರಟಿದ್ದೇವೆ. ನೀನಿದ್ದಿದ್ದರೆ "ಅಲ್ಲೇನು ಗಂಟು ಇಟ್ಟಿದ್ದೀರಾ?" ಎನ್ನುತ್ತಿದ್ದೆ.

ಇವತ್ತು ಬೆಳಿಗ್ಗೆ ಟ್ರಾವೆಲ್ಸ್‌ನವಳು ಅಲ್ಲಿಯ ಚಹಾ ಮನೆಯೊಂದರ ಚಿತ್ರ ತೋರಿಸಿದಳು. ಬಾಗಿಲು ಎಷ್ಟು ತಗ್ಗೆಂದರೆ, ಎಂಥ ದೊಡ್ಡ ಮನುಷ್ಯನಾದರೂ ಮಂಡಿಯೂರಿ ತೆವಳಿಕೊಂಡೇ ಒಳಗೆ ಹೋಗಬೇಕಂತೆ.

"ನಿಮ್ಮಪ್ಪ ಇದ್ದಿದ್ರೆ ಉಳಿ ತಗೊಂಡು ಬಾಗಿಲನ್ನೇ ಎತ್ತರ ಮಾಡಿಬಿಡೋರು," ಎಂದಳು ಅಮ್ಮ. ಅಡುಗೆಮನೆ ಬಾಗಿಲಿಗೆ ತಲೆ ಬಡಿದಾಗ, ಬಗ್ಗುವುದು ಬಿಟ್ಟು ಚೌಕಟ್ಟನ್ನೇ ಕಿತ್ತು ಎತ್ತರಿಸಿದ ಬಡಗಿಯಲ್ಲವೇ ನೀನು! ಆ ಹಟ ಮಗಳಿಗೂ ಬಂದಿದೆ ಎಂಬಂತೆ ಅಮ್ಮ ನನ್ನ ಮುಖ ನೋಡಿದಳು, ಅಷ್ಟೆ.

ಮನೆಗೆ ಬಂದವಳೇ, ಅಭ್ಯಾಸವಾಗಲಿ ಎಂದು ನೀನು ಮಾಡಿದ ಊಟದ ಮೇಜಿನ ಕೆಳಗೆ ತೂರಿಕೊಂಡಳು. "ನೀನೂ ಬಾರೇ, ಅಲ್ಲಿಗೆ ಹೋಗಿ ನನ್ನ ಮಾನ ಕಳೀಬೇಡ."

ನಾನೂ ತೆವಳಿದೆ. ತಲೆಯೆತ್ತಿದರೆ, ಮೇಜಿನ ಅಡಿಭಾಗವನ್ನೂ ಮೇಲಿನಷ್ಟೇ ನುಣ್ಣಗೆ ಉಜ್ಜಿ ಪಾಲಿಶ್ ಕೊಟ್ಟಿದ್ದೀಯ. ಯಾರು ಬಗ್ಗಿ ನೋಡುತ್ತಾರೆಂದು ಅಷ್ಟೆಲ್ಲ ಮಾಡಿದೆಯೋ!

ಅಮ್ಮ ಸೊಂಟ ಹಿಡಿದುಕೊಂಡು ಆಚೆ ಬಂದಳು. ನಾನು ಅಲ್ಲೇ ಕೂತು ಆ ನುಣುಪಿನ ಮೇಲೆ ಕೈಯಾಡಿಸಿದೆ.

ನನ್ನ ಹೊಸ ಮನೆಗೆಂದೇ ನೀನು ಮಾಡಿದ ಮೇಜು ಅದು. ನಮ್ಮ ಬಾಗಿಲಲ್ಲಿ ತೂರುವುದಿಲ್ಲ ಎಂದು, ಅಳೆಯದೆಯೇ, ಫೋನಿನಲ್ಲೇ ಹೇಳಿದ್ದೆ. ಅಮ್ಮನ ಮನೆಯಿಂದ ಹೊರಡುವ ಮುಂಚೆ ಮೇಜನ್ನು ಅಳೆದುಕೊಂಡೆ. ಸಂಜೆ ನನ್ನ ಮನೆಗೆ ಬಂದು ಇಲ್ಲಿಯ ಬಾಗಿಲನ್ನೂ ಅಳೆದೆ.

ಸಲೀಸಾಗಿ ತೂರುತ್ತದೆ, ಅಪ್ಪಾ.