ಆಲೂಗಡ್ಡೆಯ ಗೋಡೆಗೆ ಹೇಳಿದ ಮಾತು

ಶವಾಗಾರದ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಮಾನ್ಯ ಅಧಿಕಾರಿಗಳೇ,

ನನ್ನ ತಮ್ಮ ಪಾರಾತೆನೆ ಸತ್ತ ಮೇಲೆ ಎರಡು ದಿನ ನಿಮ್ಮ ಆಸ್ಪತ್ರೆಯಲ್ಲಿ ಒಬ್ಬನೇ ಇದ್ದ. ನನ್ನ ದೂರು ಇದು. ಸತ್ತವನಿಗೆ ಜೊತೆ ಯಾಕೆ ಎಂದು ನೀವು ನಗಬಹುದು. ಈ ನಾಡಿನ ಮೂಲನಿವಾಸಿಗಳಾದ ನಮ್ಮ ಮಾವೋರಿ ಜನ ಹೆಣವನ್ನು ಮಣ್ಣಿಗಿಡುವ ತನಕ ಒಂದು ಗಳಿಗೆಯೂ ಒಂಟಿಯಾಗಿ ಬಿಡುವುದಿಲ್ಲ. ಪಕ್ಕದಲ್ಲಿ ಕೂರುತ್ತೇವೆ, ಅಳುತ್ತೇವೆ, ಬೈಯುತ್ತೇವೆ, ಹಳೇ ತಮಾಷೆ ತೆಗೆದು ನಗುತ್ತೇವೆ. ಅಲ್ಲಿಯ ತನಕ ಅವನು ಮನೆಯವನೇ. ಮನೆಯವನನ್ನು ಯಾರಾದರೂ ಕಪಾಟಿನಲ್ಲಿಟ್ಟು ಬೀಗ ಜಡಿಯುತ್ತಾರೆಯೇ?

ಪೈನ್ ಕಾಡಿನಲ್ಲಿ ಅವನು ಕಡಿದ ಮರ ಅವನ ಮೇಲೆಯೇ ಬಿತ್ತು. ಶವಪರೀಕ್ಷೆ ಆಗಲೇಬೇಕು ಎಂದಿರಿ, ಆಗಲಿ ಎಂದೆವು. ಕೊಯ್ಯುವಾಗ ಬರುವುದಿಲ್ಲ, ಮುಗಿದ ಮೇಲೆ ಬಾಗಿಲ ಬಳಿ ಕೂರುತ್ತೇವೆ ಎಂದು ಬೇಡಿದೆವು. ನಿಯಮದಲ್ಲಿ ಅವಕಾಶವಿಲ್ಲವಂತೆ. ನಾನು ಅರ್ಧಕ್ಕೆ ಶಾಲೆ ಬಿಟ್ಟವಳು, ನಿಯಮ ಎಂದರೆ ಹೆದರಿಕೆ. ಎದುರಾಡಿದರೆ ತಮ್ಮನನ್ನು ಕೊಡದೇ ಹೋದರೆ? ಬೇರೆ ಯಾರನ್ನೋ ಕೊಟ್ಟರೆ? ಹಿಂದೆ ಸರಿದೆ. ಅಜ್ಜಿ ರಂಗಿಮಾರಿಯೆ ಮಾತ್ರ ಕಾವಲುಗಾರನನ್ನು ಹಿಡಿದು ನಿಲ್ಲಿಸಿದಳು.

"ಏ ಮಗಾ, ನನ್ ಮೊಮ್ಮಗ ಯಾವ ಗೋಡೆ ಹಿಂದಿದಾನೆ, ಅದಾದ್ರೂ ಹೇಳು."

"ಅಗೋ ಅಜ್ಜಿ, ಆ ಹಿಂದಿನ್ ಗೋಡೆ. ಅಲ್ಲೇ ಕೂತ್ಕೊಳ್ಳಿ, ಇಲ್ಲಿ ಗಾಡಿ ಓಡಾಡ್ತವೆ."

ಕೂತೆವು. ನಮ್ಮಲ್ಲಿ ಹೆಣದ ಹತ್ತಿರ ತಿನ್ನುವ ಪದಾರ್ಥ ಸುಳಿಯುವಂತಿಲ್ಲ ಎಂದು ಊಟಕ್ಕೆ ಸರದಿಯ ಮೇಲೆ ದೂರ ಹೋಗಿ ಬಂದೆವು. ನಾವು ಮೂಗಿಗೆ ಮೂಗು ತಾಗಿಸಿ ನಮ್ಮವರನ್ನು ಮಾತಾಡಿಸುವಂತೆ ಅಜ್ಜಿ ಗೋಡೆಗೆ ಮೂಗು ಒತ್ತಿ ಮಾತಾಡಿದಳು: "ಲೋ ಪಾರಾತೆನೆ, ಹಾವುಮೀನಿನ್ ಬಲೆ ಹರಿದಿದ್ದು ನೀನೇ ಅಂತ ನಂಗೊತ್ತಿತ್ತು ಕಣೋ. ಏಟು ಬೀಳುತ್ತೆ ಅಂತ ಮೊದ್ಲೇ ಓಡ್ಹೋದ್ಯಾ, ಕಳ್ಳಾ? ಹೆದರ್ಬೇಡ, ನಾನಿಲ್ಲೇ ಇದೀನಿ."

ಕೊನೆಗೆ ತಮ್ಮನನ್ನು ಹೊರತಂದದ್ದು ಬೇರೊಂದು ಕಟ್ಟಡದಿಂದ. ನಾವು ಕಾದ ಗೋಡೆಯ ಮಗ್ಗುಲ ಬಾಗಿಲಿನಿಂದ ಅಡುಗೆಯವನೊಬ್ಬ ಆಲೂಗಡ್ಡೆ ಮೂಟೆ ಎಳೆದುಕೊಂಡು ಬಂದ. ಅದು ಅಡುಗೆಮನೆಯ ಉಗ್ರಾಣ, ಸ್ವಾಮೀ! ಎರಡು ದಿನ ನಾವು ಆಲೂಗಡ್ಡೆಗೆ ಧೈರ್ಯ ಹೇಳಿದ್ದೆವು. ಇಷ್ಟು ಗೌರವದ ಬೀಳ್ಕೊಡುಗೆ ಈ ಜಿಲ್ಲೆಯ ಯಾವ ತರಕಾರಿಗೂ ಸಿಕ್ಕಿರಲಾರದು, ಅಭಿನಂದನೆಗಳು. ನನ್ನ ತಮ್ಮನಿಗೆ ಸಿಕ್ಕಿದ್ದು ತಣ್ಣನೆಯ ತಗಡು.

ಆಗಿದ್ದು ಆಯಿತು ಎನ್ನುವಿರಾ? ಆಗಿ ಮುಗಿದಿಲ್ಲ. ಈಗ ಅಜ್ಜಿಗೆ ಎದೆನೋವು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಲ್ಲುತ್ತಾಳೆ. ಆಸ್ಪತ್ರೆಗೆ ಹೋಗೋಣವೆಂದರೆ ಒಂದೇ ಹಟ.

"ಸಾಯೋಕ್ ಹೆದರ್ತೀನೇನೇ ನಾನು? ಸತ್ಮೇಲೆ ನನ್ ಪಕ್ಕ ಯಾರಿರ್ತಾರೆ, ಆಲೂಗಡ್ಡೆನಾ?"

"ಔಷಧಿ ತಗೊಂಡ್ರೆ ಸಾಯೋದೇ ಇಲ್ವಲ್ಲಜ್ಜಿ!"

"ಆ ಬೀಗದವನು ಮೊದ್ಲು ಬಾಗಿಲತ್ರ ಒಂದು ಕುರ್ಚಿ ಹಾಕ್ಲಿ. ಆಮೇಲ್ ಬರ್ತೀನಿ."

ಪಕ್ಕದ ಕೋಣೆಯಿಂದ ಅವಳ ಉಸಿರು ಕೇಳುತ್ತಿದೆ. ನಿಂತಂತಾದರೆ ಪೆನ್ನು ಬಿಟ್ಟು ಓಡುತ್ತೇನೆ, ಮತ್ತೆ ಬಂದು ಬರೆಯುತ್ತೇನೆ. ನೀವು ಈ ಪತ್ರ ಓದಿ ಸಿಟ್ಟಿಗೆದ್ದು ಅವಳಿಗೆ ಆಸ್ಪತ್ರೆಯಲ್ಲಿ ಮಂಚವೇ ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಯೂ ಇದೆ. ಆದರೂ ಊರೆಲ್ಲ ಓದಲೆಂದು ಇದನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ. ನನಗೆ ಪರಿಹಾರ ಬೇಡ, ನಿಮ್ಮ ವಿಷಾದವೂ ಬೇಡ. ಶವಾಗಾರದ, ನಿಜವಾದ ಶವಾಗಾರದ, ಬಾಗಿಲ ಬಳಿ ಒಂದು ಕುರ್ಚಿ ಹಾಕಿಸಿ. ಹಾಕಿಸಿದ ದಿನವೇ ಹೇಳಿಕಳಿಸಿ, ಅಜ್ಜಿಯನ್ನು ಕರೆತರುತ್ತೇನೆ. ಆ ಕುರ್ಚಿಯಲ್ಲಿ ಕೂರುವ ಪ್ರಸಂಗ ನನಗೆ ಬರದಂತೆ ನೋಡಿಕೊಳ್ಳುವುದು ನಿಮ್ಮ ವೈದ್ಯರ ಕೆಲಸ.

ಇಂತಿ,
ನಿಮ್ಮ ಉಗ್ರಾಣದ ಆಲೂಗಡ್ಡೆಗಳ ದುಃಖತಪ್ತ ಬಂಧು,
ವೈಮಾರಿಯೆ