ತಮ್ಮನ ಹೊಸ ಪಾತ್ರೆ

ನವೆಂಬರ್ 12, ಮಂಗಳವಾರ. ಚಿಯಾಂಗ್ ಮಾಯ್, ಥಾಯ್ಲೆಂಡ್

ಮತ್ತೆ ಬಾಳೆಹಣ್ಣು, ಬೇಯಿಸಿದ ಮೊಟ್ಟೆ. ಜೆರುಸಲೇಮಿನಿಂದ ತಂದ ನನ್ನದೇ ಪುಟ್ಟ ಪಾತ್ರೆಯಲ್ಲಿ. ಇಲ್ಲಿನ ಕೋಷರ್ ಹೋಟೆಲಿನಲ್ಲಿ ನಮ್ಮ ಯೆಹೂದಿ ಊಟದ ಕಟ್ಟಳೆಗೆ ಅಡ್ಡಿಯಿಲ್ಲ, ಆದರೆ ಎಲ್ಲದಕ್ಕೂ ಗೋಧಿಹಿಟ್ಟು. ನನ್ನ ಕರುಳಿಗೆ ಅದು ವಿಷ. ಬೀದಿಯಲ್ಲಿ ಅನ್ನ ಬೇಕಾದಷ್ಟು... ಹಂದಿ ಬೆಂದ ಬಾಣಲೆಯ ಪಕ್ಕದಲ್ಲೇ.

ಗೆಸ್ಟ್‌ಹೌಸಿನ ಲಮ್ಯೈ ಆಂಟಿ ನಕ್ಕಳು. "ದಿನಾ ಬಾಳೆಹಣ್ಣಾ! ಇನ್ನೆರಡು ದಿನಕ್ಕೆ ಮರ ಹತ್ತುತ್ತೀಯ ನೋಡು."

ಗುರುವಾರ ತಮ್ಮ ಎವ್ಯಾತಾರನ ಕೋಣೆಗೆ ಹೋಗಬೇಕು. ಅವನು ತಲೆಯ ಟೋಪಿ ತೆಗೆದಿಟ್ಟು, ಧರ್ಮ ಬಿಟ್ಟು ಮನೆಯಿಂದ ಹೋದಾಗಿನಿಂದ ಅಪ್ಪ ಅವನ ಹೆಸರೆತ್ತಿಲ್ಲ. ನನ್ನನ್ನು ಕಳಿಸಿದ್ದು ಅಮ್ಮ.

ನವೆಂಬರ್ 14, ಗುರುವಾರ

ಎವ್ಯಾತಾರ ಇಲ್ಲೇ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಾನಂತೆ. ಅವನ ಕೋಣೆಯ ಮೇಜಿನ ಮೇಲೆ ಅನ್ನ, ಶುಂಠಿ ನಿಂಬೆ ಹಾಕಿದ ಮೀನು.

"ಪಾತ್ರೆ, ಚಾಕು ಎರಡೂ ಹೊಸದು. ಕಟ್ಟಳೆ ಪ್ರಕಾರ ನದೀಲಿ ಮುಳುಗಿಸಿ ತಂದೆ. ಮೀನಿನ ಬಾಲದ ಹತ್ರ ಹುರುಪೆ ಬಿಟ್ಟಿದೀನಿ, ನಾವು ತಿನ್ನಬಹುದಾದ ಜಾತೀದೇ ಅಂತ ನಿನ್ನ ಕಣ್ಣಿಗೇ ಕಾಣಲಿ. ಸೋಯಾ ಸಾಸ್ ಮುಟ್ಟಿಲ್ಲ, ಅದ್ರಲ್ಲಿ ಗೋಧಿ ಇರತ್ತೆ" ಅಂದ.

ಹಸಿದು ಕಣ್ಣು ಕತ್ತಲೆ ಬರುತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ಕಟ್ಟಳೆ ಬಿಟ್ಟವನ ಮಾತು ನಂಬಿ ಉಣ್ಣಬಾರದು — ಹೊರಡುವಾಗ ಅಪ್ಪ ಹೇಳಿದ್ದು ಅದೊಂದೇ.

"ಗೋಧಿ ಇಲ್ಲ ಅಂದ್ರೆ ನಂಬ್ತೀಯಾ?"

"ನಂಬ್ತೀನಿ."

"ಹೊಟ್ಟೇನ ನನ್ನ ಕೈಗೆ ಕೊಡ್ತೀಯ, ದೇವರನ್ನ ಕೊಡಲ್ಲ. ಅಲ್ವಾ ಹದಾಸ್?"

ತಾನೇ ತಟ್ಟೆ ಮುಚ್ಚಿದ. ಸಿಟ್ಟೂ ಮಾಡಲಿಲ್ಲ. ಅದೇ ಕಷ್ಟವಾಯಿತು.

ನವೆಂಬರ್ 15, ಶುಕ್ರವಾರ. ಮಧ್ಯಾಹ್ನ

ಅವನಿಗೆ ಇದ್ಯಾವುದರಲ್ಲೂ ನಂಬಿಕೆಯಿಲ್ಲ. ಆದರೂ ಪಾತ್ರೆ ಹೊತ್ತು ನದಿಗೆ ಇಳಿದ. ಯಾರು ನೋಡುತ್ತಿದ್ದರು ಅಲ್ಲಿ? ಸುಳ್ಳು ಹೇಳುವುದಾದರೆ ಕೋಣೆಯಲ್ಲೇ ಕೂತು ಹೇಳಬಹುದಿತ್ತು. ನಂಬುವ ನಾವು ಒಬ್ಬರಿಗಾಗಿ ಇಷ್ಟು ಜತನ ಮಾಡಿದ್ದು ಯಾವಾಗ?

ಉಣ್ಣಬಹುದೇ ಎಂದು ಇಲ್ಲಿನ ರಬ್ಬಿಯನ್ನು, ನಮ್ಮ ಧರ್ಮಗುರುವನ್ನು, ಕೇಳಬಹುದಿತ್ತು. ಕೇಳಲಿಲ್ಲ. ಬೇಡ ಅಂದುಬಿಟ್ಟರೆ...

ಮೆಸೇಜ್ ಹಾಕಿದೆ: "ಇವತ್ತು ಸಂಜೆ ಸಬ್ಬತ್ ಶುರು. ಊಟಕ್ಕೆ ಬರಲಾ?"

ತಕ್ಷಣ ಬಂತು: "ಮೀನು ತರೋಕೆ ಹೊರಟೆ. ಬಾ, ನೀನೇ ಆರಿಸು."

ಅದೇ ದಿನ, ಸಂಜೆ. ಅವನ ಕೋಣೆ

ಸೂರ್ಯ ಮುಳುಗುವುದರೊಳಗೆ ಪೆನ್ನು ಕೆಳಗಿಡಬೇಕು. ನಾಳೆ ಕತ್ತಲಾಗುವವರೆಗೆ ಸಬ್ಬತ್ತಿನ ವಿಶ್ರಾಂತಿ, ಬರೆಯುವಂತಿಲ್ಲ.

ನಾನು ತಂದ ದ್ರಾಕ್ಷಿರಸದ ಬಾಟಲಿ ಮೇಜಿನ ಮೇಲಿಟ್ಟೆ. "ಇದ್ರ ಮೇಲಿನ ಪ್ರಾರ್ಥನೆ ನೀನು ಹೇಳು" ಅಂದೆ.

"ನಾನಾ? ಅಪ್ಪ ಕೇಳಿದ್ರೆ ಇಬ್ಬರನ್ನೂ ಹೊರಗೆ ಹಾಕ್ತಾರೆ."

"ನೀನು ಆಗ್ಲೇ ಹೊರಗಿದೀಯಲ್ಲೋ."

ಇಬ್ಬರೂ ನಕ್ಕೆವು. ಆಮೇಲೆ "ಪದ ತಪ್ಪಿದ್ರೆ ತಿದ್ದಬೇಡ" ಅಂದ.

ಈಗ ಬೆನ್ನು ತಿರುಗಿಸಿ ಅನ್ನ ಬಡಿಸುತ್ತಿದ್ದಾನೆ. ಪಿಸುದನಿಯಲ್ಲಿ ಪದಗಳನ್ನು ಹೇಳಿ ನೋಡಿಕೊಳ್ಳುತ್ತಿದ್ದಾನೆ. ಒಂದೂ ತಪ್ಪಿಲ್ಲ. ಇನ್ನು ದೀಪ ಹಚ್ಚಿ, ಮೊದಲ ತುತ್ತು ನಾನು —